ಬಾವಿಯಿಂದ ತಿರುಗಿ ಬಾರದ ಹಾಡು

ಹೊನ್ನಿಗೆ ಗಂಗಿಯ ಮೇಲೆ ಹೊಟ್ಟೆಕಿಚ್ಚು ಎನ್ನುವುದು ಆ ಕೊಪ್ಪದಲ್ಲಿ, ಅಂದರೆ ಅವರ ಸಣ್ಣ ಕೇರಿಯಲ್ಲಿ, ಯಾರಿಗೂ ಗುಟ್ಟಲ್ಲ. ಅದು ನಿನ್ನೆ ಮೊನ್ನೆ ಹೊತ್ತಿಕೊಂಡದ್ದೂ ಅಲ್ಲ. ಇಬ್ಬರೂ ಒಂದೇ ವರ್ಷ ಈ ಊರಿಗೆ ಮದುವೆಯಾಗಿ ಬಂದವರು. ಅಂಕೋಲೆ ಪೇಟೆಯಿಂದ ಒಳಗೆ, ಗದ್ದೆಯ ಅಂಚಿನಲ್ಲಿ ಅವರದ್ದು ಪಕ್ಕಪಕ್ಕದ ಅಂಗಳ, ನಡುವೆ ಒಂದು ಬೇಲಿ, ಬೇಲಿ ದಾಟಲು ಒಂದು ದಣಪೆ. ಒಟ್ಟಿಗೆ ನಟ್ಟಿ ಮಾಡಿದರು, ಒಟ್ಟಿಗೆ ಶೇಂಗಾ ಕಿತ್ತರು, ರವಿವಾರ ಬಂತೆಂದರೆ ಬಸಳೆ, ಹರಿವೆಯ ಬುಟ್ಟಿ ಹೊತ್ತು ಒಟ್ಟಿಗೆ ಕಾರವಾರದ ಸಂತೆಗೆ ಬಸ್ಸು ಹತ್ತಿದರು. ಆದರೆ ನೋಡಿ, ಬುಟ್ಟಿ ಮೊದಲು ಖಾಲಿಯಾಗುವುದು ಗಂಗಿಯದ್ದು. ಎಮ್ಮೆ ಹೆಚ್ಚು ಹಾಲು ಕೊಡುವುದು ಗಂಗಿಯದ್ದು. ಗಂಗಿಯ ಗಂಡ ಪೇಟೆಗೆ ಹೋದರೆ ಹೆಂಡತಿಗೆ ಅಬ್ಬಲಿಗೆ ಹೂ ತರುತ್ತಿದ್ದ. ಹೊನ್ನಿಯ ಗಂಡ ಕುಪ್ಪ ಪೇಟೆಯಿಂದ ಒಂದು ಸುದ್ದಿಯನ್ನೂ ತರುತ್ತಿರಲಿಲ್ಲ. ಇದನ್ನೆಲ್ಲ ಹೊನ್ನಿ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದೇ, ಹಾಡಿನ ವಿಷಯ.

ಮದುವೆ ಮನೆಯಲ್ಲಿ ಹೆಂಗಸರು ಬಾವಿಗೆ ಹೋಗಿ ನೀರು ತರುವಾಗ ಒಂದು ಹಾಡು ಹೇಳಬೇಕು. ಅದನ್ನು ಒಬ್ಬಳೇ ಹೇಳುವಂತಿಲ್ಲ. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಅದನ್ನೇ ಹಿಂದಿನಿಂದ ತಿರುಗಿ ಹೇಳಬೇಕು. ಖಾಲಿ ಕೊಡ ಹೊತ್ತು ಹೋಗುವಾಗ ಒಬ್ಬಳು ಎತ್ತಿದರೆ, ತುಂಬಿದ ಕೊಡ ಹೊತ್ತು ಬರುವಾಗ ಮತ್ತೊಬ್ಬಳು ಎತ್ತುವುದು ಕ್ರಮ. ಬಾವಿಕಟ್ಟೆಯ ಹತ್ತಿರ ಹಾಡು ಕೈ ಬದಲಾಯಿಸುತ್ತದೆ. ಹೋಗುವ ಹಾಡು ಗಂಗಿಯದ್ದು, ಬರುವ ಹಾಡು ಹೊನ್ನಿಯದ್ದು. ಮೊದಲಿನಿಂದಲೂ ಹಾಗೇ ನಡೆದು ಬಂದಿತ್ತು. ಹೊನ್ನಿಯ ಲೆಕ್ಕದಲ್ಲಿ ಬರುವ ಹಾಡೇ ದೊಡ್ಡದು. ನೀರೇ ಇಲ್ಲದ ಕೊಡಕ್ಕೆ ಯಾರು ಬೇಕಾದರೂ ಹಾಡಿಯಾರು! ತಲೆಯ ಮೇಲೆ ಭಾರ ಇಟ್ಟುಕೊಂಡು, ಒಂದು ಹನಿ ತುಳುಕದ ಹಾಗೆ ದನಿ ಎತ್ತುವುದು ಹುಡುಗಾಟವೇ? ಆದರೆ ಊರಿನವರು ಮೆಚ್ಚುತ್ತಿದ್ದದ್ದು ಗಂಗಿಯನ್ನು. ಬರುವ ಹೊತ್ತಿಗೆ ಗಂಡಸರಿಗೆಲ್ಲ ಊಟದ ಯೋಚನೆ ಶುರುವಾಗಿರುತ್ತಿತ್ತು, ಅದಕ್ಕೆ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಹರಿಶ್ಚಂದ್ರ ಎಂಬ ಸಂಶೋಧಕ ಈ ಹಾಡನ್ನು ಹುಡುಕಿಕೊಂಡು ಬಂದ. ಮಹಾರಾಷ್ಟ್ರದ ಕಡೆಯವನು. ಕನ್ನಡ ಅಷ್ಟಕ್ಕಷ್ಟೆ, ಇವರ ಮನೆಮಾತಂತೂ ದೇವರಿಗೇ ಪ್ರೀತಿ. ಗಂಗಿಯ ಜಗಲಿಯಲ್ಲಿ ಅಂಗೈಯಗಲದ ಯಂತ್ರ ಇಟ್ಟು ಇಬ್ಬರಿಂದಲೂ ಹೋಗುವ ಹಾಡು, ಬರುವ ಹಾಡು ಎರಡನ್ನೂ ಹೇಳಿಸಿಕೊಂಡ. ಆಮೇಲೆ ಗಂಗಿ ಚಾ ಕಾಸಲು ಒಳಗೆ ಹೋದಳು. ಹೊನ್ನಿ ಆತನ ಜೊತೆ ಅದೂ ಇದೂ ಮಾತಾಡುತ್ತ ಕೂತಳು. ಆತ ಎಲ್ಲದಕ್ಕೂ ತಲೆಯಾಡಿಸಿದ. ಹೊರಡುವಾಗ ಮಾತ್ರ ಎದೆ ಮುಟ್ಟಿಕೊಂಡು ಹೇಳಿದ, "ಪೂರಾ ಇಂಟರ್ನೆಟ್‌ಗೆ ಹಾಕ್ತೇನೆ. ಒಂದು ಅಕ್ಷರ ಕತ್ತರಿಸೋದಿಲ್ಲ."

ಮಳೆಗಾಲದಲ್ಲಿ ಸುದ್ದಿ ಬಂತು. ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರು ಸೈಬರ್ ಕೆಫೆ ಇಟ್ಟಿದ್ದ ಮಧುಕರನ ಅಂಗಡಿಗೆ ಹರಿಶ್ಚಂದ್ರನ ಫೋನು: ಹಾಡು ಹಾಕಿ ಆಗಿದೆ, ಇಳಿಸಿಕೊಂಡು ಕೇಳಿಸಿ. ಕೊಪ್ಪದ ಹೆಂಗಸರೆಲ್ಲ ಕೊಡೆ ಹಿಡಿದು ಮಧುಕರನ ಅಂಗಡಿಗೆ ದಂಡೆತ್ತಿ ಹೋದರು. ಆತ ಕಂಪ್ಯೂಟರಿನಲ್ಲಿ ಇಂಟರ್ನೆಟ್ ತೆರೆಯುವ ನೀಲಿ ಗುರುತು ಒತ್ತಿದ, ಏನೇನೋ ಬರೆದ, ಒಂದು ಹಸಿರು ಪಟ್ಟಿ ಆಮೆಯ ಹಾಗೆ ತೆವಳತೊಡಗಿತು. ನಡುವೆ ಒಮ್ಮೆ ಕರೆಂಟು ಕಣ್ಣು ಮಿಟುಕಿಸಿತು, ಕಂಪ್ಯೂಟರ್ ಬ್ಯಾಟರಿಯಲ್ಲಿ ಉಳಿದುಕೊಂಡಿತು. ಪಟ್ಟಿ ಒಮ್ಮೆಲೇ ಮಾಯವಾಗಿ 'ಪೂರ್ತಿಯಾಯಿತು' ಎಂದು ತೋರಿಸಿತು.

ಗಂಗಿಯ ದನಿ ಅಂಗಡಿ ತುಂಬಿತು. "ಯಾರ ಮನೆಯ ಕೊಡವಮ್ಮಾ, ಯಾರ ತಲೆಯ ಸಿಂಬೆಯಮ್ಮಾ..." ಹಿಂದಿನಿಂದ ಹೊನ್ನಿಯ ದನಿ, ಗೋಡೆಯ ಆಚೆಯಿಂದ ಬಂದ ಹಾಗೆ. ಹಾಡು ಅಂಗಳ ದಾಟಿತು, ಗದ್ದೆ ದಾಟಿತು, ಬಾವಿಕಟ್ಟೆಗೆ ಬಂತು. ಹೊನ್ನಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಈಗ ತನ್ನ ಪಾಳಿ.

ಅಲ್ಲಿಗೆ ನಿಂತಿತು.

"ಮುಗೀತು," ಎಂದ ಮಧುಕರ.

"ಮುಗೀತಾ? ನಂದೆಲ್ಲಿ ತಮಾ?"

"ಇಷ್ಟೇ ಅದೆ ಹೊನ್ನಕ್ಕ. ನೋಡು, ಪೂರ್ತಿ ಬಂತು ಹೇಳಿ ಅದೇ ತೋರಿಸ್ತದಲ್ಲ?"

"ಇನ್ನೊಂದ್ ಸಲ ಇಳಿಸು!"

ಇನ್ನೊಂದು ಸಲ ಇಳಿಸಿದ. ಈ ಬಾರಿ ಪಟ್ಟಿ ಕ್ಷಣದಲ್ಲಿ ಓಡಿತು. ಮತ್ತೆ ಅದೇ ಬಾವಿಕಟ್ಟೆ, ಅದೇ ಕಡೆಯ ಸೊಲ್ಲು, ಮತ್ತೆ 'ಪೂರ್ತಿಯಾಯಿತು'. ಪಕ್ಕದ ಖಾನೆಯಲ್ಲಿ ಕೂತಿದ್ದ ಯಾರೋ ಇಣುಕಿ, "ಎಂಥಾ ಕಂಠ ಗಂಗಕ್ಕಂದು! ಹಿಂದೆ ಹೇಳೂ ಹೆಂಗ್ಸು ಯಾರು?" ಎಂದು ಬೇರೆ ಕೇಳಿದ. ಹೊನ್ನಿಯ ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಗಂಗಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಮುಖದಲ್ಲಿ ಸಣ್ಣಗೆ ನಗು. ನಗದೆ ಏನು ಮಾಡಿಯಾಳು, ಊರೇ ಹೊಗಳುತ್ತಿರುವಾಗ? ಆದರೆ ಆ ನಗು ಹೊನ್ನಿಯ ಎದೆಯಲ್ಲಿ ಮೀನಿನ ಮುಳ್ಳಾಗಿ ಕೂತುಬಿಟ್ಟಿತು.

ಅಲ್ಲಿಂದ ಶುರುವಾಯಿತು ನೋಡಿ. ಪಕ್ಕದ ಕೊಪ್ಪಗಳಿಂದ ಮದುವೆಗೆ ಕರೆಯಲು ಬಂದವರು ಗಂಗಿಯ ಮನೆಗೆ ಮೊದಲು ಹೋಗುತ್ತಿದ್ದರು. ತಿರುಗಿ ಹೋಗುವಾಗ ಬೇಲಿಯ ಮೇಲಿನಿಂದಲೇ, "ಹೊನ್ನಕ್ಕಾ, ಹಿಂದೆ ಹೇಳೂಕೆ ನೀನೂ ಬಾ" ಎನ್ನುತ್ತಿದ್ದರು. ಹಿಂದೆ ಹೇಳುವುದಂತೆ! ಸಂತೆಯಲ್ಲಿ ಬಸಳೆ ಕೊಳ್ಳುವವರೂ, "ಇಂಟರ್ನೆಟ್ಟಿನಲ್ಲಿ ಹಾಡಿದ್ದು ನೀನಾ?" ಎಂದು ಗಂಗಿಯನ್ನೇ ಕೇಳಿ ಅವಳ ಬುಟ್ಟಿಯನ್ನೇ ಖಾಲಿ ಮಾಡುತ್ತಿದ್ದರು. ಹೊನ್ನಿಗೆ ಅನ್ನ ಸೇರಲಿಲ್ಲ. ಕತ್ತರಿ ಮುಟ್ಟುವುದಿಲ್ಲ ಎಂದು ಎದೆ ಮುಟ್ಟಿ ಹೇಳಿ ಹೋದವನು ತಾನಾಗಿ ಕತ್ತರಿಸಿಯಾನೇ? ಯಾರೋ ಹೇಳಿಯೇ ಕತ್ತರಿಸಿದ್ದಾನೆ. ಯಾರು ಹೇಳಿಯಾರು? ಜಗಲಿ ಯಾರದ್ದು, ಚಾ ಯಾರದ್ದು, ಅವರೇ.

ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಗಿ ದಣಪೆ ದಾಟಿ ಚಕ್ಕಲಿ ತಂದಳು. ಹೊನ್ನಿ ಕೈ ಚಾಚಲಿಲ್ಲ.

"ಒಂದ್ ಮಾತು ಹೇಳೇ ಗಂಗಿ. ನನ್ನ ಹಾಡು ಕಡಿಸಿದ್ದು ನೀನೇ ಅಲ್ದಾ?"

"ನಾನಾ? ಎಂತಕ್ಕೆ ಕಡಿಸ್ಲೇ?"

"ಎಂತಕ್ಕೆ ಅಂದ್ರೆ! ನನ್ನ ದನಿ ಕೇಳಿದ್ರೆ ನಿಂದು ಯಾರು ಕೇಳ್ತಿದ್ರು? ಅದಕ್ಕೆ!"

ಗಂಗಿ ಚಕ್ಕಲಿಯನ್ನು ಜಗಲಿಯ ಅಂಚಿಗಿಟ್ಟಳು. "ಇರ್ಲಿ ಬಿಡೇ ಹೊನ್ನಿ. ಅರ್ಧ ಇದ್ರೆ ಅರ್ಧನೇ ಸಾಕು. ಉಳಿದದ್ದು ಕೇಳಿ ಯಾರಿಗೆ ಎಂತ ಆಗ್ಬೇಕು?"

"ಹಾಂ! ಬಂತಾ ಬಾಯಿಗೆ! ನಿಂಗೆ ಅರ್ಧನೇ ಸಾಕು, ಅದು ನಿನ್ನರ್ಧ ಅಲ್ವಾ!" ಎಂದು ಹೊನ್ನಿ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಆ ದಿನವೇ ದಣಪೆಗೆ ಮುಳ್ಳು ಕಡಿದು ತಂದು ಕಟ್ಟಿದಳು. ರವಿವಾರ ಬೇರೆ ಬಸ್ಸು, ಸಂತೆಯಲ್ಲಿ ಬೇರೆ ಮೂಲೆ. ಕುಪ್ಪ ಕೂಡ ಅಂದು ಬಾಯಿ ಬಿಟ್ಟ, "ಮುಳ್ಳು ನಮ್ಮ ಕಾಲಿಗೂ ಹೆಟ್ತದೆ." ಅವನ ಮಾತು ಕೇಳುವವರು ಯಾರು?

ಇನ್ನುಳಿದದ್ದು ಮಧುಕರನ ಗ್ರಹಚಾರ. ಪೇಟೆಗೆ ಹೋದಾಗಲೆಲ್ಲ ಹೊನ್ನಿ ಅವನ ಅಂಗಡಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸುತ್ತಿದ್ದಳು. "ನನ್ನರ್ಧ ಹುಡ್ಕು." ಆತ ಒತ್ತುತ್ತಿದ್ದ, ಬಾವಿಕಟ್ಟೆ ಬರುತ್ತಿತ್ತು, ನಿಲ್ಲುತ್ತಿತ್ತು. ಅಷ್ಟರಲ್ಲಿ ಅವಳ ಕಿವಿಗೆ ಇನ್ನೊಂದು ಸುದ್ದಿ ಬಿದ್ದಿತ್ತು. ಮಧುಕರನ ಸೋದರಮಾವನ ಮಗಳು ರೂಪಾಲಿ ಕಾರವಾರದಲ್ಲಿ ಇಂಥದ್ದೇ ಅಂಗಡಿ ಇಟ್ಟಿದ್ದಾಳೆ. ಅಲ್ಲಿ ನೀಲಿಯ ಜೊತೆಗೆ ಇಂಟರ್ನೆಟ್ ತೆರೆಯುವ ಕೆಂಪು ಗುರುತಿನ ಬ್ರೌಸರ್ ಕೂಡ ಇದೆ. ಕೈಗಾ ಅಣುಸ್ಥಾವರದ ನೌಕರರೆಲ್ಲ ಕಂಪನಿ ಬಸ್ಸಿಳಿದು ನೆಟ್ಟಗೆ ಅಲ್ಲಿಗೇ ಹೋಗುತ್ತಾರೆ, ಎಷ್ಟು ದೊಡ್ಡ ಫೈಲಾದರೂ ಇಳಿಯುತ್ತದಂತೆ.

"ನೀನೂ ಆ ಕೆಂಪು ಹಾಕ್ಸೋ ತಮಾ," ಎಂದಳು ಹೊನ್ನಿ.

ರೂಪಾಲಿಯ ಹೆಸರು ಕೇಳಿದರೆ ಮಧುಕರನಿಗೂ ಒಳಗೆ ಉರಿಯುತ್ತಿತ್ತು. ಹೊಟ್ಟೆಕಿಚ್ಚಿಗೆ ಹೊನ್ನಿಯೊಬ್ಬಳದ್ದೇ ಗುತ್ತಿಗೆಯೇ? "ನೀಲಿ ಕಂಪ್ಯೂಟರ್ ಸಂಗಡವೇ ಬಂದದ್ದು ಹೊನ್ನಕ್ಕ, ಲಗ್ನದ ಹೆಂಡ್ತಿ ಇದ್ದ ಹಾಗೆ. ಕೆಂಪು ಹೊರಗಿಂದ ತರೂದು. ನಂಗೆ ಅಂಥಾ ಕೆಲಸ ಬೇಡ."

"ನಿನ್ನ ಲಗ್ನದ ಹೆಂಡ್ತಿ ಅರ್ಧ ಅಡಿಗೆ ಮಾಡಿ ಊಟಕ್ಕೆ ಏಳಿ ಅಂತಾಳೆ! ನಾಚಿಗೆ ಆಗೂದಿಲ್ವಾ ನಿಂಗೆ? ರೂಪಾಲಿ ಹೆಣ್ಣಾಗಿ ಮಾಡಿದ್ದು ನಿನ್ನ ಕೈಲಿ ಆಗೂದಿಲ್ಲ?" ಮಧುಕರನ ಕಿವಿ ಕೆಂಪಾದದ್ದನ್ನು ನೋಡಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಸಂಕ್ರಾಂತಿ ಕಳೆದ ರವಿವಾರ ಕಾರವಾರದಲ್ಲಿ ಸಂತೆ ಮುಗಿಸಿ ಹೊನ್ನಿ ತಾನೇ ರೂಪಾಲಿಯ ಅಂಗಡಿ ಹುಡುಕಿಕೊಂಡು ಹೋದಳು. ಪಾಪ, ರೂಪಾಲಿ ಒಳ್ಳೆಯ ಹೆಂಗಸು. ಬಸಳೆ ನೀರು ಸೋರುತ್ತಿದ್ದ ಬುಟ್ಟಿಯನ್ನು ಒಳಗೇ ಇಡಿಸಿಕೊಂಡಳು. ಹೊನ್ನಿಯ ದೂರನ್ನೆಲ್ಲ ಕೇಳಿ, "ಕತ್ತರಿಸಿದ್ದು ಯಾರೂ ಅಲ್ಲ ಅಕ್ಕಾ. ತಡಿ, ತೋರಿಸ್ತೆ," ಎಂದಳು.

ಮೊದಲು ನೀಲಿಯನ್ನು ತೆರೆದಳು. ಪಟ್ಟಿ ಅರ್ಧಕ್ಕೆ ಬರುವಾಗ ಬೇಕೆಂದೇ ಲೈನಿನ ತಂತಿ ಎಳೆದಳು. ನೀಲಿ ಒಂದು ಚೂರೂ ಅಂಜದೆ 'ಪೂರ್ತಿಯಾಯಿತು' ಎಂದಿತು.

"ಕಂಡ್ಯಾ? ಲೈನ್ ಹೋದ್ರೆ ಹಾಡೇ ಮುಗೀತು ಹೇಳಿ ತಿಳ್ಕೊಳ್ತದೆ ಇದು. ಬಗ್ ಅಂತಾರೆ, ಮಾಡುವಾಗಲೇ ಉಳಿದ ದೋಷ. ಮತ್ತೆ ಕೇಳಿದ್ರೆ ಹೊಸದಾಗಿ ತರೂದೂ ಇಲ್ಲ. ಮುಂಚೆ ತಂದಿಟ್ಟ ಅರ್ಧವನ್ನೇ ತೆಗೆದುಕೊಡ್ತದೆ."

"ಅಂದ್ರೆ ಬಾವಿಗೆ ಹೋಗಿ, ಅರ್ಧ ಕೊಡ ತಂದು, ತುಂಬಿತು ಅನ್ನೂ ಸೊಸೆ!"

"ಹಾಂ, ಅದೇ!" ರೂಪಾಲಿ ನಕ್ಕು ಕೆಂಪನ್ನು ತೆರೆದಳು. ಪಟ್ಟಿ ತೆವಳಿತು. ಮತ್ತೆ ತಂತಿ ಎಳೆದಳು. ಕೆಂಪು ನಿಂತಿತು, ಪೂರ್ತಿಯಾಗಿಲ್ಲ ಎಂದು ಒಪ್ಪಿಕೊಂಡಿತು. ತಂತಿ ಸಿಕ್ಕಿಸಿ ಒತ್ತಿದರೆ ಬಿಟ್ಟಲ್ಲಿಂದಲೇ ಮುಂದೆ ನಡೆಯಿತು. ಹೊನ್ನಿ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ಗಂಗಿ ಕಡಿಸಿದ್ದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಎಂದು ಒಂದು ಗಳಿಗೆ ಮನಸ್ಸು ಚುರುಕ್ಕೆಂದಿತು. ಆದರೆ ಮರುಗಳಿಗೆಗೆ ತನ್ನ ಹಾಡು ಬರುತ್ತಿದೆ ಎಂಬ ಸಂತೋಷದಲ್ಲಿ ಅದು ಮರೆತೇಹೋಯಿತು.

ರೂಪಾಲಿ ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟಳು. ಬಾವಿಕಟ್ಟೆ ಬಂತು, ಹಾಡು ನಿಲ್ಲಲಿಲ್ಲ. ಹೊನ್ನಿಯ ದನಿ ಎದ್ದಿತು. ಅಯ್ಯೋ, ಎಂಥ ದನಿ! ತುಂಬಿದ ಕೊಡದ ಭಾರವೆಲ್ಲ ಅದರಲ್ಲಿತ್ತು. ಹೊನ್ನಿಗೆ ಕಣ್ಣು ತುಂಬಿ ಬಂತು. ಹಿಂದೆ ಗಂಗಿ ಮೆತ್ತಗೆ, ಒಂದು ಅಕ್ಷರ ಮುಂದೂ ಹೋಗದೆ ಹಿಂದೂ ಉಳಿಯದೆ, ತಿರುಗಿ ಹೇಳುತ್ತಿದ್ದಳು. ಹಾಡು ಮನೆ ತಲುಪಿತು, ಮುಗಿಯಿತು. ಯಂತ್ರ ಮಾತ್ರ ನಿಂತಿರಲಿಲ್ಲ. ಗಂಗಿ ಏಳುವ ಸದ್ದು, ಬಳೆಯ ಸದ್ದು. ಆಮೇಲೆ ಹೊನ್ನಿಯದೇ ದನಿ, ಸಣ್ಣಗೆ, ಯಂತ್ರದ ಬಾಯಿಗೇ ಹೇಳಿದ ಹಾಗೆ:

"ಅವಳ ಕಂಠ ಎಂತದು ಸಾಯೇಬ್ರೆ, ಒಡಕು ಕೊಡ. ಒಂದ್ ಸೊಲ್ಲು ನಿಲ್ಲೂದಿಲ್ಲ. ಅವಳದ್ದು ಕಡಿದುಬಿಡಿ, ನಂದೊಂದೇ ಇಡಿ. ಅವಳಿಗೆ ಹೇಳೂದು ಬೇಡ."

"ಹಾಂ, ಹಾಂ," ಎನ್ನುವ ಹರಿಶ್ಚಂದ್ರನ ದನಿ. ಏನೂ ತಿಳಿಯದ ಹಾಂ. ಮತ್ತೆ ಬಳೆಯ ಸದ್ದು, ಲೋಟದ ಸದ್ದು, ಗಂಗಿ: "ಚಾ ತಕಳಿ ಸಾಯೇಬ್ರೆ. ಹೊನ್ನೀ, ನಿಂದಕ್ಕೆ ಸಕ್ರೆ ಜಾಸ್ತಿ ಹಾಕಿದ್ದೆ."

ಅಲ್ಲಿಗೆ ಮುಗಿಯಿತು. ಈ ಸಲ ನಿಜವಾಗಿ ಪೂರ್ತಿಯಾಗಿತ್ತು. ಆತ ಮಾತು ಕೊಟ್ಟ ಹಾಗೆ ಒಂದು ಅಕ್ಷರ ಕತ್ತರಿಸಿರಲಿಲ್ಲ. ಹಾಡು ಎಲ್ಲಿ ಮುಗಿಯಿತು, ಚಾಡಿ ಎಲ್ಲಿ ಶುರುವಾಯಿತು ಎಂದು ಪಾಪ ಅವನಿಗೇನು ಗೊತ್ತು?

"ಚೊಲೋ ಅದೆಯಾ ಅಕ್ಕಾ?" ರೂಪಾಲಿ ಕೇಳಿದಳು. "ಗಂಗಕ್ಕನೂ ಹೀಗೇ ಕೇಳಿ ಹೋಗಿದ್ಳು, ಚೌತಿಗೆ ಮುಂಚೆ. ಕಡೆಗೆ ಒಂಚೂರು ನಕ್ಕು ಎದ್ದು ಹೋದ್ಳು. ಯಾರಿಗೂ ಹೇಳ್ಬೇಡ ಅಂದಿದ್ಳು."

ಚೌತಿಗೆ ಮುಂಚೆ. ಜಗಳ ಆದದ್ದು ಚೌತಿ ಕಳೆದ ಮೇಲೆ. ಚಕ್ಕಲಿ ತಂದದ್ದು ಇದೆಲ್ಲ ಕೇಳಿದ ಮೇಲೆ. ಹೊನ್ನಿ ಹೆಡ್‌ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ಒರೆಸಿಬಿಡು ತಂಗಿ."

"ನನ್ನ ಹತ್ರ ಒರೆಸಿದ್ರೆ ಎಂತಾ ಆಗ್ತದೆ? ಅದು ಅಲ್ಲಿ ಅದೆಯಲ್ಲ. ಯಾರು ಬೇಕಾದ್ರೂ ಇಳಿಸ್ಕೊಳ್ಬಹುದು. ಒಳ್ಳೇ ಬ್ರೌಸರ್ ಒಂದಿದ್ರೆ ಆಯ್ತು."

ಅಂಕೋಲೆಗೆ ಬಸ್ಸು ಬರುವಷ್ಟರಲ್ಲಿ ಹೊನ್ನಿ ಒಂದು ನಿರ್ಧಾರಕ್ಕೆ ಬಂದಿದ್ದಳು. ದಾರಿಯಲ್ಲಿ ಬಿಣಗಾ ದಾಟಿದ್ದೂ ಅವಳಿಗೆ ತಿಳಿಯಲಿಲ್ಲ. ಅಂಕೋಲೆಯಲ್ಲಿ ಆ ನೀಲಿ ಇರುವ ತನಕ ಚಿಂತೆ ಇಲ್ಲ. ನೀಲಿ ತನ್ನ ಮಾನ ಕಾದಿದೆ, ಇನ್ನೂ ಕಾಯಲಿ! ಇಳಿದವಳೇ ಮಧುಕರನ ಅಂಗಡಿಗೆ ಓಡಿದಳು.

"ತಮಾ, ಕೆಂಪು ಗಿಂಪು ಎಂತದೂ ಬೇಡ. ನಿನ್ನ ನೀಲಿನೇ ಚೊಲೋ."

ಮಧುಕರನ ಮುಖ ಅರಳಿತ್ತು. "ಎಂತಾ ಹೇಳ್ತೆ ಹೊನ್ನಕ್ಕ! ನಿನ್ನ ಬಾಯಿ ತಡೀಲಾರ್ದೆ ಮೊನ್ನೆನೇ ಕೆಂಪು ಹಾಕ್ಸಿದೆ. ನಿನ್ನ ಹಾಡು ಪೂರ್ತಿ ಇಳೀತು! ಕೂತು ಕೇಳೂಕೆ ಪುರಸೊತ್ತಾಗ್ಲಿಲ್ಲ, ಸೀಡಿ ಮಾಡಿ ಇಟ್ಟಿದ್ದೆ. ಗಂಗಕ್ಕನ ಮೊಮ್ಮಗಳ ಮದುವೆ ಅದೆಯಲ್ಲ, ದೇವೀದು? ಅವತ್ತು ನೀರು ತರೂ ಹೊತ್ತಿಗೆ ಮೈಕಿನಲ್ಲಿ ಹಾಕೂದು. ಇಡೀ ಊರು ಕೇಳ್ಲಿ! ರೂಪಾಲಿಗೂ ಗೊತ್ತಾಗ್ಲಿ, ನಂಗೂ ಬರ್ತದೆ ಹೇಳಿ."

ಹಾಕಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳುವುದಕ್ಕಿಂತ ಸಾಯುವುದು ಮೇಲು. ಹೊನ್ನಿ ಬುಟ್ಟಿ ಎತ್ತಿಕೊಂಡು ಮನೆಗೆ ಬಂದಳು. ಮದುವೆಯ ತನಕ ಎಷ್ಟು ಸಲ ದಣಪೆಯ ಹತ್ತಿರ ಹೋದಳೋ. ಆಚೆ ಗಂಗಿ ಭತ್ತ ಕೇರುತ್ತಿದ್ದಳು, ಚಪ್ಪರಕ್ಕೆ ತೆಂಗಿನ ಮಡಲು ಹೆಣೆಸುತ್ತಿದ್ದಳು. ಈಚೆ ತಾನೇ ಕಟ್ಟಿದ ಮುಳ್ಳು. ಅಷ್ಟು ಜೋರಿನ ಬಾಯಿ, ಬೇಕಾದಾಗ ಬರಲಿಲ್ಲ.

ಮದುವೆಯ ದಿನ ಹೋಗದೆಯೂ ಇರಲಾಗಲಿಲ್ಲ. ಚಪ್ಪರದ ಕಡೆಯ ಕಂಬ ಹಿಡಿದು ನಿಂತಳು. ಹೆಂಗಸರು ಕೊಡ ಎತ್ತಿಕೊಂಡು ಸಾಲಾಗಿ ಹೊರಟರು. ಮಧುಕರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಮೈಕಿನವನ ಕೈಗೆ ಸೀಡಿ ಕೊಟ್ಟ. ತೆಂಗಿನ ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಗಂಗಿಯ ದನಿ ಹರಿಯಿತು, ಹೆಂಗಸರು ಅದರ ಹಿಂದೆ ನಡೆದರು. ಹೊನ್ನಿಯೂ ನಡೆದಳು. ಬಾವಿಕಟ್ಟೆ ಹತ್ತಿರ ಬಂತು. ದೇವರೇ, ಇಲ್ಲಿಗೇ ನಿಲ್ಲಲಿ. ಕರೆಂಟಾದರೂ ಹೋಗಲಿ, ತಂತಿಯಾದರೂ ಹರಿಯಲಿ.

ನಿಲ್ಲಲಿಲ್ಲ. ಹೊನ್ನಿಯ ದನಿ ತೆಂಗಿನ ಮರದ ಮೇಲಿನಿಂದ ಇಡೀ ಕೊಪ್ಪದ ಮೇಲೆ ಎದ್ದಿತು. ಜನ ತಿರುಗಿ ನೋಡಿದರು. "ಇದು ಹೊನ್ನಿಯಲ್ವಾ? ಅಬ್ಬಾ!" ಎಂದರು. ಇಷ್ಟು ತಿಂಗಳು ಇದೊಂದಕ್ಕಾಗಿ ಸತ್ತಿದ್ದಳು. ಈಗ ಒಂದೊಂದು ಹೊಗಳಿಕೆಯೂ ಕೆಂಡವಾಗಿ ಬಿತ್ತು, ಯಾಕೆಂದರೆ ಒಂದೊಂದು ಸೊಲ್ಲಿಗೂ ಆ ಮಾತು ಹತ್ತಿರ ಬರುತ್ತಿತ್ತು.

ಆಗ ಗಂಗಿ ಕೊಡವನ್ನು ಕಟ್ಟೆಯ ಮೇಲಿಟ್ಟು ಸರಸರ ತಿರುಗಿ ನಡೆದಳು. ಮೈಕಿನವನ ಮುಂದೆ ನಿಂತಳು.

"ಬಂದ್ ಮಾಡು ತಮಾ. ಬಾವಿ ತನಕ ಆಯ್ತಲ್ಲ, ಸಾಕು."

"ಇನ್ನೂ ಅರ್ಧ ಅದೆ ಗಂಗಕ್ಕ!" ಮಧುಕರ ಬೊಬ್ಬೆ ಹೊಡೆದ. "ಪೂರ್ತಿ ಇಳಿಸಿದ್ದೆ ನಾನು!"

"ಇಳಿಸಿದ್ದೆಯಪ್ಪ, ನೀ ಶಾಣ್ಯಾನೇ. ಆದರೆ ಆ ಹಾಡಿನ ಹೆಂಗ್ಸು ಇಲ್ಲೇ ಜೀವಂತ ನಿಂತಿದ್ದಾಳೆ. ನನ್ನ ಮೊಮ್ಮಗಳ ನೀರಿಗೆ ಪೆಟ್ಟಿಗೆ ಎಂತಕ್ಕೆ ಹಾಡ್ಬೇಕು?"

ಸ್ಪೀಕರ್ ಬಾಯಿ ಮುಚ್ಚಿತು. ಗಂಗಿ ಬಾವಿಗೆ ತಿರುಗಿ ಬಂದು ತನ್ನ ಕೊಡ ತುಂಬಿದಳು. ಇನ್ನೊಂದು ಕೊಡ ತುಂಬಿ ಹೊನ್ನಿಯ ತಲೆಗೆ ಸಿಂಬೆಯಿಟ್ಟು ತಾನೇ ಹೊರಿಸಿದಳು. ಹೊರಿಸುವಾಗ ಕಿವಿಯ ಹತ್ತಿರ ಬಾಯಿ ತಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು:

"ಎತ್ತೇ ಹೊನ್ನಿ. ನಂದು ಒಡಕು ಕೊಡ, ಮನೆ ತನಕ ನೀರು ನಿಲ್ಲೂದಿಲ್ಲ."

ಹೊನ್ನಿ ಅವಳ ಮುಖ ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ. ಸೊಲ್ಲು ಎತ್ತಿದಳು. ಅಂದು ಒಡೆದದ್ದು ಹೊನ್ನಿಯ ಕಂಠವೇ. ಮೊದಲ ಸೊಲ್ಲಿನ ನಡುವೆಯೇ ಚೂರಾಗಿ ಹೋಯಿತು. ಹಿಂದಿನಿಂದ ಗಂಗಿ, ಆ ಒಡಕು ಯಾರಿಗೂ ಕಾಣದ ಹಾಗೆ, ಉಳಿದದ್ದನ್ನು ತುಂಬಿ ತಿರುಗಿ ಹೇಳಿದಳು.